ಬಾಸೆಲ್‌ನಿಂದ ಮಂಗಳೂರಿಗೆ: ಹೊರಡುವ ಮುಂಚೆ ಕಲಿತದ್ದು, ಕಲಿಯದೇ ಉಳಿದದ್ದು

ಮಂಗಳೂರು ಹಂಚು ಗೊತ್ತಿಲ್ಲದ ಮನೆ ಕರಾವಳಿಯಲ್ಲಿಲ್ಲ. ಕಿಟೆಲ್ ನಿಘಂಟಿನ ಹೆಸರು ಕೇಳದ ಕನ್ನಡ ಮೇಷ್ಟ್ರೂ ಇಲ್ಲ. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆ ಅನ್ನೋದು ಶಾಲೆಯ ಕ್ವಿಜ್‌ನಲ್ಲೇ ಬಂದುಬಿಡುತ್ತೆ. ಇದೆಲ್ಲ ಬಾಸೆಲ್ ಮಿಶನ್‌ನವರ ಕೆಲಸ ಅಂತಲೂ ನಮಗೆ ಗೊತ್ತು. ಅವರು ಇಲ್ಲಿಗೆ ಬಂದು ಏನೇನು ಮಾಡಿದರು ಅನ್ನುವುದರ ಬಗ್ಗೆ ಪುಸ್ತಕಗಳೇ ಇವೆ. ಆದರೆ ಹೊರಡುವ ಮುಂಚೆ ಅವರ ತಯಾರಿ ಹೇಗಿತ್ತು? ಹತ್ತು ಇಪ್ಪತ್ತು ವರ್ಷಕ್ಕೆ, ಕೆಲವರು ಜೀವಮಾನಕ್ಕೇ ಅಂತ ಊರು ಬಿಟ್ಟವರು ಯಾರ ಜೊತೆ ಹೊರಟರು? ಹೆಂಡತಿ, ಮಕ್ಕಳು, ಸಂಸಾರ ಅನ್ನೋದನ್ನು ಏನು ಮಾಡಿದರು? ನನಗೆ ಕುತೂಹಲ ಇರೋದು ಅಲ್ಲಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಈ ಮಿಶನ್ ಶುರುವಾದದ್ದು 1815ರಲ್ಲಿ. ಮರುವರ್ಷವೇ ತರಬೇತಿ ಶಾಲೆ ತೆರೆಯಿತು. ಅಲ್ಲಿಗೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಕಡೆಯ ಹಳ್ಳಿ ಹುಡುಗರು. ರೈತರ ಮಕ್ಕಳು, ನೇಕಾರರು, ಬಡಗಿಗಳು. ಮೊಗ್ಲಿಂಗ್ ಥರ ವಿಶ್ವವಿದ್ಯಾಲಯ ಮುಗಿಸಿ ಬಂದವರು ಕಡಿಮೆ. ಮೊದಮೊದಲು ಮೂರ್ನಾಲ್ಕು ವರ್ಷದ ಓದು, ಆಮೇಲೆ ಅದು ಆರು ವರ್ಷದವರೆಗೂ ಬೆಳೆಯಿತು. ನಿನ್ನೆ ತನಕ ಉಳಿ ಹಿಡಿದಿದ್ದ ಹುಡುಗ ಈಗ ಲ್ಯಾಟಿನ್, ಗ್ರೀಕ್, ಹೀಬ್ರೂ, ಇಂಗ್ಲಿಷ್ ಅಂತ ಕೂತು ಬಾಯಿಪಾಠ ಮಾಡಬೇಕು. ಹಾಗಂತ ಉಳಿ ಕೆಳಗಿಡುವ ಹಾಗೂ ಇಲ್ಲ. ತೋಟದ ಕೆಲಸ, ಮರಗೆಲಸ ಎಲ್ಲ ದಿನಚರಿಯಲ್ಲೇ ಇತ್ತು. ಇದು ದಂಡವಾಗಲಿಲ್ಲ ನೋಡಿ. ಮಂಗಳೂರಿನ ಮಿಶನ್ ಮುದ್ರಣಾಲಯಕ್ಕೆ ಅಂತ ಬಂದ ಗಿಯಾರ್ಗ್ ಪ್ಲೆಬ್ಸ್ಟ್ ಅನ್ನುವ ಯಂತ್ರಗಾರಿಕೆ ಬಲ್ಲ ಮನುಷ್ಯನೇ 1865ರಲ್ಲಿ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ್ದು.

ಪುಸ್ತಕ, ಕೈಕೆಲಸ ಸರಿ. ಜೊತೆಗಾರರ ಜೊತೆ ಬಾಳೋದನ್ನು ಕಲಿಸಿದ್ದು ಹೇಗೆ? ಇಲ್ಲಿ ಬಾಸೆಲ್‌ನವರದ್ದು ವಿಚಿತ್ರ ಪದ್ಧತಿ. ಎಲ್ಲರೂ ಒಬ್ಬರಿಗೊಬ್ಬರು ‘ಸಹೋದರರು’. ಆದರೆ ಸಹೋದರ ತಪ್ಪು ಮಾಡಿದರೆ ಅದನ್ನು ಮೇಲಿನವರಿಗೆ ತಿಳಿಸುವುದೂ ಸಹೋದರನ ಕರ್ತವ್ಯ! ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರಬೇಕು. ಹಾಸ್ಟೆಲ್‌ನಲ್ಲಿ ಇದ್ದವರಿಗೆ ಇದರ ಬಿಸಿ ಗೊತ್ತಾಗುತ್ತೆ. ಇಂಥ ಕಡೆ ಸಿಗೋದು ಶಿಸ್ತು. ನಂಬಿಕೆ ಸಿಗೋದು ಅಷ್ಟು ಸುಲಭ ಅಂತ ನನಗೆ ಅನ್ನಿಸೋಲ್ಲ. ಇಲ್ಲಿಗೆ ಬಂದ ಮೇಲೂ ಕತೆ ಅದೇ. ಒಂದೊಂದು ಠಾಣೆಯವರೂ ಸಭೆ ಸೇರಿ ತೀರ್ಮಾನ ಮಾಡಬೇಕು, ಅದನ್ನು ಬಾಸೆಲ್‌ಗೆ ಬರೆಯಬೇಕು. ಕಾಗದ ಹೋಗಿ ಉತ್ತರ ಬರೋದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಜಗಳ ಹಳತಾಗಿರುತ್ತಿತ್ತೋ, ಇನ್ನೂ ದೊಡ್ಡದಾಗಿರುತ್ತಿತ್ತೋ!

ಭಾರತಕ್ಕೆ ದಾರಿ ತೆರೆದದ್ದು ಬ್ರಿಟಿಷರ ಒಂದು ಕಾನೂನು. 1833ರ ಚಾರ್ಟರ್ ಕಾಯ್ದೆ ಬಂದ ಮೇಲೆ ಬ್ರಿಟಿಷರಲ್ಲದ ಮಿಶನರಿಗಳೂ ಕಂಪನಿಯ ಪರವಾನಗಿ ಇಲ್ಲದೆ ಇಲ್ಲಿ ಕೆಲಸ ಮಾಡಬಹುದಾಯಿತು. ಮರುವರ್ಷವೇ ಬಾಸೆಲ್‌ನವರು ಮೂವರನ್ನು ಕಳಿಸಿದರು: ಸಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್. ಆಗ ಸೂಯೆಜ್ ಕಾಲುವೆ ಇಲ್ಲ, ಆಫ್ರಿಕಾ ಸುತ್ತಿ ಬರಬೇಕು. 1834ರ ಅಕ್ಟೋಬರ್‌ನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಗೆ ಮಂಗಳೂರು ತಲುಪಿದರು. ಮೂವರೂ ಗಂಡಸರು, ಜೊತೆಗೆ ಸಂಸಾರ ಇಲ್ಲ. ಅಷ್ಟು ವರ್ಷ ಹೀಬ್ರೂ, ಗ್ರೀಕ್ ಓದಿ ಬಂದವರಿಗೆ ಮಂಗಳೂರಿನ ಪೇಟೆಯಲ್ಲಿ ಕೇಳಿದ್ದು ತುಳು, ಕೊಂಕಣಿ, ಬ್ಯಾರಿ, ಕನ್ನಡ. ಪಾಪ, ಮತ್ತೆ ಮೊದಲಿಂದ ಅ ಆ ಇ ಈ.

ಭಾಷೆಯ ತಯಾರಿಯ ಬಗ್ಗೆ ಇನ್ನೊಂದು ತಮಾಷೆಯ ಸಂಗತಿ ಇದೆ. ಹರ್ಮನ್ ಗುಂಡರ್ಟ್ ಮೊದಲು ಬಂದದ್ದು ಬಾಸೆಲ್‌ನವರ ಕಡೆಯಿಂದಲ್ಲ, 1836ರಲ್ಲಿ ಆಂಟನಿ ನೋರಿಸ್ ಗ್ರೋವ್ಸ್ ಅನ್ನುವವರು ಕಟ್ಟಿದ ತಂಡದ ಜೊತೆ. ತಂಡ ಕಲ್ಕತ್ತೆಗೆ ಹೋಗುತ್ತೆ ಅಂತ ಗುಂಡರ್ಟ್ ಬಂಗಾಳಿ ಕಲಿತರು, ಹಡಗಿನಲ್ಲಿ ಜೊತೆಗಾರರಿಗೂ ಪಾಠ ಹೇಳಿದರು. ಇಳಿದದ್ದು ಮದರಾಸಿನಲ್ಲಿ! ಬಂಗಾಳಿ ಬದಿಗಿಟ್ಟು ತಮಿಳು ಹಿಡಿದರು. ಆಮೇಲೆ ಬಾಸೆಲ್ ಮಿಶನ್ ಸೇರಿ, ಮಂಗಳೂರಿಗೆ ಬಂದು, ತಲಶ್ಶೇರಿಗೆ ಹೋಗಿ, ಕೊನೆಗೆ 1872ರಲ್ಲಿ ಮಲಯಾಳಂ ನಿಘಂಟು ಕೊಟ್ಟರು. ಅದೇ ತಂಡದಲ್ಲಿ ಜೂಲಿ ದ್ಯುಬುವಾ ಅನ್ನುವ ಫ್ರೆಂಚ್ ಮಾತಾಡುವ ಸ್ವಿಸ್ ಹೆಣ್ಣುಮಗಳೂ ಇದ್ದರು. 1838ರಲ್ಲಿ ಇಬ್ಬರ ಮದುವೆಯಾಯಿತು. ಒಂದೇ ತಂಡದಲ್ಲಿ ದುಡಿದು, ಒಬ್ಬರನ್ನೊಬ್ಬರು ನೋಡಿ ತಿಳಿದು ಆದ ಮದುವೆ.

ಈ ಭಾಗ್ಯ ಬಾಸೆಲ್‌ನ ಎಲ್ಲ ಹುಡುಗರಿಗೂ ಇರಲಿಲ್ಲ. 1837ರಲ್ಲಿ ಮದುವೆಯ ನಿಯಮವನ್ನೇ ಮಾಡಿದರು. ಒಂಟಿಯಾಗಿಯೇ ಹೊರಡಬೇಕು, ನಿಶ್ಚಿತಾರ್ಥವೂ ಆಗಿರಬಾರದು. ಎರಡು ವರ್ಷವಾದರೂ ಅಲ್ಲಿ ಕೆಲಸ ಮಾಡಿದ ಮೇಲೆ ಸಮಿತಿಗೆ ಅರ್ಜಿ ಹಾಕಿಕೊಳ್ಳಬೇಕು. ಒಪ್ಪಿದರೆ ಹೆಣ್ಣು ಯಾರು ಅನ್ನೋದಕ್ಕೂ ಸಮಿತಿಯ ಒಪ್ಪಿಗೆ ಬೇಕು. ಎಷ್ಟೋ ಸಲ ಹುಡುಗನ ಪರವಾಗಿ ಊರಲ್ಲಿ ಹೆಣ್ಣು ಹುಡುಕಿದವರೂ ಮಿಶನ್‌ನವರೇ. ಮುಖ ನೋಡಿರದ, ಹೆಚ್ಚೆಂದರೆ ನಾಲ್ಕು ಕಾಗದ ಓದಿದ್ದ ಗಂಡಸಿಗಾಗಿ ಹುಡುಗಿ ಪೆಟ್ಟಿಗೆ ಕಟ್ಟಿ ಹಡಗು ಹತ್ತುತ್ತಿದ್ದಳು. ನಮ್ಮ ಕಡೆ ಮನೆಯವರು ಕುದುರಿಸಿದ ಮದುವೆ ಅಂದರೆ ಮೂಗು ಮುರಿಯುವ ಯೂರೋಪಿನವರು ಇದ್ದರೆ ಈ ಕತೆ ಹೇಳಿ! ಜರ್ಮನಿಯ ಡಾಗ್ಮಾರ್ ಕೊನ್ರಾಡ್ ‘ಮಿಶನ್ ವಧು’ಗಳ ಬಗ್ಗೆ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಗಂಡಿಗೆ ಆರು ವರ್ಷದ ತರಬೇತಿ ಕೊಟ್ಟ ಸಂಸ್ಥೆ ಹೆಣ್ಣಿಗೆ ಅದರ ಕಾಲು ಭಾಗವನ್ನೂ ಕೊಡಲಿಲ್ಲ ಅನ್ನೋದು ನನ್ನ ತಕರಾರು. ಹೊಸ ದೇಶ, ಹೊಸ ಭಾಷೆ, ಹೊಸ ಗಂಡ, ಮೂರನ್ನೂ ಒಟ್ಟಿಗೇ ಅವಳೇ ನಿಭಾಯಿಸಬೇಕಿತ್ತು.

ಸಾವಿನ ಭಯವೂ ಇತ್ತು. 1828ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್‌ಗೆ, ಅಂದರೆ ಈಗಿನ ಘಾನಾಕ್ಕೆ, ಬಾಸೆಲ್‌ನಿಂದ ನಾಲ್ವರು ಹೋದರು. ಜ್ವರಕ್ಕೆ ಸಿಕ್ಕಿ ಮೂರೇ ವರ್ಷದಲ್ಲಿ ಒಬ್ಬರೂ ಉಳಿಯಲಿಲ್ಲ. 1832ರಲ್ಲಿ ಮತ್ತೆ ಮೂವರು. ಅದರಲ್ಲಿ ಒಬ್ಬ ವೈದ್ಯ, ಅವನೇ ಮೊದಲು ತೀರಿಕೊಂಡ. ಬದುಕಿದ್ದು ಆಂಡ್ರಿಯಾಸ್ ರೀಸ್ ಒಬ್ಬರೇ. ಆಮೇಲೆ ಹೊಸ ಉಪಾಯ: 1843ರಲ್ಲಿ ರೀಸ್ ಜಮೈಕಾದಿಂದ ಕಪ್ಪು ಜನರ ಕುಟುಂಬಗಳನ್ನೇ, ಮಕ್ಕಳುಮರಿ ಸಮೇತ, ಕರೆದುಕೊಂಡು ಹೋದರು. ಈ ಕುಟುಂಬಗಳ ಜೊತೆ ಮೊದಲೇ ಕರಾರು ಆಗಿತ್ತು. ಇರೋದಕ್ಕೆ ಮನೆ, ಉಳೋದಕ್ಕೆ ಭೂಮಿ, ಐದು ವರ್ಷದ ಮೇಲೆ ಬೇಡ ಅನ್ನಿಸಿದರೆ ಮಿಶನ್ ಖರ್ಚಿನಲ್ಲೇ ವಾಪಸು. ವಾಪಸು ಬರುವ ದಾರಿಯನ್ನು ಹೊರಡುವ ಮುಂಚೆಯೇ ಮಾತಾಡಿಕೊಂಡ ಆ ಕುಟುಂಬಗಳ ಜಾಣತನ ನನಗೆ ತುಂಬ ಇಷ್ಟವಾಯಿತು. ಅದರಲ್ಲಿ ಹಲವರು ಅಲ್ಲೇ ನೆಲೆಸಿದರು.

ಇನ್ನು ಮಕ್ಕಳ ವಿಷಯ. ಇಲ್ಲಿ ಮಾತ್ರ ಓದುತ್ತಾ ಹೊಟ್ಟೆ ಕಿವುಚಿದ ಹಾಗಾಗುತ್ತೆ. ಭಾರತದಲ್ಲಿ, ಆಫ್ರಿಕಾದಲ್ಲಿ ಹುಟ್ಟಿದ ಮಿಶನರಿ ಮಕ್ಕಳು ಶಾಲೆಯ ವಯಸ್ಸಿಗೆ ಬಂದ ಕೂಡಲೇ ಯೂರೋಪಿಗೆ ಹೋಗಬೇಕು ಅನ್ನುವ ನಿಯಮ 1853ರಲ್ಲಿ ಬಂತು. ಅವರಿಗೆ ಅಂತ ಬಾಸೆಲ್‌ನಲ್ಲಿ ಮಕ್ಕಳ ಮನೆ ಇತ್ತು. ಹವೆ ಆಗದು, ಓದು ಆಗಬೇಕು ಅನ್ನುವ ಕಾರಣಗಳು ಸುಳ್ಳಲ್ಲ. ಆದರೆ ಆರು ವರ್ಷದ ಮಗುವನ್ನು ಹಡಗು ಹತ್ತಿಸಿ, ಮತ್ತೆ ನೋಡೋದು ಯಾವಾಗ ಅಂತ ಗೊತ್ತಿಲ್ಲದೆ ಮಂಗಳೂರಿನ ಬಂದರಿನಿಂದ ಮನೆಗೆ ನಡೆದ ಅಮ್ಮಂದಿರು ಎಷ್ಟು ಜನ!

ಗುಂಡರ್ಟ್ ದಂಪತಿಯ ಮಗಳು ಮರೀ ಹುಟ್ಟಿದ್ದು 1842ರಲ್ಲಿ, ಕೇರಳದಲ್ಲಿ. ನಾಲ್ಕು ವರ್ಷದ ಆಸುಪಾಸಿನಲ್ಲಿ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಂದೆ ತಾಯಿ ಭಾರತಕ್ಕೆ ಮರಳಿದರು. ಅವಳು ಮತ್ತೆ ಅವರನ್ನು ಸೇರಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ನಡುವೆ ಹತ್ತು ವರ್ಷಕ್ಕೂ ಮೇಲೆ. ಅಪ್ಪ ಅಮ್ಮ ಅಂದರೆ ಕಾಗದದಲ್ಲಿ ಬರುವ ಅಕ್ಷರ. ಅದೇ ಮರೀ ಮುಂದೆ ಮದುವೆಯಾದದ್ದೂ ಮಿಶನರಿಯನ್ನೇ. ಅವರು ತೀರಿಕೊಂಡ ಮೇಲೆ, ಮಂಗಳೂರಿನಲ್ಲಿ ಕೆಲಸ ಮಾಡಿ ಆರೋಗ್ಯ ಕೆಟ್ಟು ವಾಪಸಾಗಿದ್ದ ಯೋಹಾನೆಸ್ ಹೆಸ್ಸೆಯ ಕೈ ಹಿಡಿದರು. ಇವರ ಮಗನೇ ‘ಸಿದ್ಧಾರ್ಥ’ ಬರೆದ ಹರ್ಮನ್ ಹೆಸ್ಸೆ.

ಕಾಲ ಬದಲಾಯಿತು, ಪ್ರಶ್ನೆ ಬದಲಾಗಿಲ್ಲ. ಮಕ್ಕಳನ್ನು ಸಮುದ್ರ ದಾಟಿಸುವ ಬದಲು ಇಲ್ಲೇ ಓದಿಸೋಣ ಅಂತ 1901ರಲ್ಲಿ ಅಮೆರಿಕದ ಮಿಶನರಿಗಳು ಕೊಡೈಕೆನಾಲ್‌ನಲ್ಲಿ ಶಾಲೆ ತೆರೆದರು. 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಲು ಬಂದ ರೂತ್ ಯೂಸೀಮ್, ಅಪ್ಪ ಅಮ್ಮನ ದೇಶಕ್ಕೂ ಪೂರ್ತಿ ಸೇರದ, ಬೆಳೆದ ದೇಶಕ್ಕೂ ಪೂರ್ತಿ ಸೇರದ ಇಂಥ ಮಕ್ಕಳಿಗೆ ‘ಮೂರನೇ ಸಂಸ್ಕೃತಿಯ ಮಕ್ಕಳು’ ಅಂತ ಹೆಸರಿಟ್ಟರು. ಗಲ್ಫ್‌ನಲ್ಲಿ, ಅಮೆರಿಕದಲ್ಲಿ ಮೊಮ್ಮಕ್ಕಳು ಇರುವ ನಮ್ಮ ಓದುಗರಿಗೆ ಈ ಮಾತಿಗೆ ವಿವರಣೆ ಬೇಕಿಲ್ಲ ಅಲ್ವಾ?

ಈಗ ಹಡಗಿನ ದಿಕ್ಕು ತಿರುಗಿದೆ. ನಮ್ಮ ಪರಿಚಯದ ಮಂಗಳೂರಿನ ಒಂದು ಮನೆಯಲ್ಲಿ ಮಗಳು ನರ್ಸ್, ಅಳಿಯ ಲ್ಯಾಬ್ ಟೆಕ್ನಿಷಿಯನ್. ಆರು ಜನರ ತಂಡದ ಜೊತೆ ತಾಂಜಾನಿಯಾದ ಒಂದು ಮಿಶನ್ ಆಸ್ಪತ್ರೆಗೆ ಐದು ವರ್ಷಕ್ಕೆ ಹೊರಟಿದ್ದಾರೆ. ವರ್ಷದಿಂದ ತಯಾರಿ ನಡೆದಿದೆ. ಆನ್‌ಲೈನ್‌ನಲ್ಲಿ ಸ್ವಾಹಿಲಿ ಕ್ಲಾಸ್. ಹಳದಿ ಜ್ವರದ ಲಸಿಕೆ, ಅದೂ ಪ್ರಯಾಣಕ್ಕೆ ಹತ್ತು ದಿನ ಮುಂಚೆಯಾದರೂ ಹಾಕಿಸಿರಬೇಕು. ಚರ್ಚ್‌ಗಳಿಗೆ ಹೋಗಿ ಖರ್ಚಿಗೆ ನೆರವು ಕೇಳೋದು. ಇವೆಲ್ಲಕ್ಕಿಂತ ನನಗೆ ಹೊಸದಾಗಿ ಕಂಡದ್ದು, ಆರು ಜನರೂ ಎರಡು ವಾರ ಒಂದೇ ಬಾಡಿಗೆ ಮನೆಯಲ್ಲಿ ಇದ್ದು ನೋಡಿದ್ದು. ಅಡುಗೆ ಯಾರದ್ದು, ದುಡ್ಡು ಯಾರ ಕೈಲಿ, ಸಿಟ್ಟು ಬಂದರೆ ಯಾರಿಗೆ ಹೇಳೋದು, ಊರಲ್ಲಿ ಅಪ್ಪನಿಗೋ ಅಮ್ಮನಿಗೋ ಹುಷಾರಿಲ್ಲ ಅಂದರೆ ಯಾರು ಬರೋದು, ಎಲ್ಲ ಬರೆದಿಟ್ಟುಕೊಂಡರಂತೆ. “ಮೊದಲ ವಾರ ಚೆನ್ನಾಗಿತ್ತು ಆಂಟಿ. ಎರಡನೇ ವಾರ ಪಾತ್ರೆ ತೊಳೆಯೋ ವಿಷಯಕ್ಕೆ ಒಂದಿನ ಯಾರೂ ಮಾತೇ ಆಡಲಿಲ್ಲ” ಅಂತ ಆ ಹುಡುಗಿ ನಕ್ಕಳು. ಒಂದು ದಿನದ ಆ ಮೌನ ಮಂಗಳೂರಲ್ಲೇ ಆಗಿಹೋದದ್ದು ಒಳ್ಳೆಯದೇ ಆಯಿತು.

ಅವರಿಗೆ ಐದು ವರ್ಷದ ಮಗ ಇದ್ದಾನೆ. ಅಜ್ಜಿಗೆ ಅವನದ್ದೇ ಚಿಂತೆ.

“ಅವನನ್ನು ನನ್ನ ಹತ್ರ ಬಿಟ್ಟು ಹೋಗಿ. ಇಲ್ಲೇ ಶಾಲೆಗೆ ಹೋಗ್ಲಿ. ಅಲ್ಲಿ ಮಲೇರಿಯಾ ಅಂತೆ.”

“ಇಲ್ಲಿ ಮಲೇರಿಯಾ ಇಲ್ವಾ ಅಮ್ಮ? ಮಂಗಳೂರಲ್ಲಿ ಕೂತು ಹೇಳೋ ಮಾತಾ ಇದು?”

“ನಗಾಡ್ಬೇಡ. ಐದು ವರ್ಷ ಅಂದ್ರೆ ಸಣ್ಣ ಮಾತಾ?”

“ಅದಕ್ಕೇ ಕರ್ಕೊಂಡು ಹೋಗೋದು. ಅವನನ್ನು ಬಿಟ್ಟೇ ಹೋಗ್ಬೇಕು ಅಂದ್ರೆ ನಾವು ಹೋಗೋದೇ ಇಲ್ಲ ಅಂತ ತಂಡದ ಮೊದಲ ಮೀಟಿಂಗ್‌ನಲ್ಲೇ ಹೇಳಿ ಆಗಿದೆ.”

ತಂಡದವರು ಒಪ್ಪಿದ್ದಾರೆ. ಆಸ್ಪತ್ರೆಯ ಹತ್ತಿರದ ಶಾಲೆಗೆ ಸೇರಿಸೋದು, ಕನ್ನಡವನ್ನು ಮನೆಯಲ್ಲಿ ಅಪ್ಪನೇ ಕಲಿಸೋದು, ಎರಡು ವರ್ಷಕ್ಕೊಮ್ಮೆ ಊರಿಗೆ ಬರೋದು ಅಂತ ತೀರ್ಮಾನವಾಗಿದೆ. ಅಜ್ಜಿ ಈಗ ಸ್ಮಾರ್ಟ್‌ಫೋನ್‌ನಲ್ಲಿ ವಿಡಿಯೊ ಕಾಲ್ ಮಾಡೋದು ಕಲಿಯುತ್ತಿದ್ದಾರೆ. ಒಂದು ಡಬ್ಬ ಉಪ್ಪಿನಕಾಯಿ ಕಟ್ಟಿ ಇಟ್ಟಾಗಿದೆ. ವೀಸಾ ಮಾತ್ರ ಇನ್ನೂ ಬಂದಿಲ್ಲ.