ಒಂದು ಷೇರು, ಸಾವಿರ ಷೇರು

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳುವಾಯಿಯಂಥ ಊರಿನ ಕೃಷಿಕನು ಅಡಕೆಯೊಂದನ್ನೇ ನೆಚ್ಚಿ ಕೂರುವುದು ಕ್ಷೇಮವಲ್ಲ. ಮಳೆಗಾಲದ ಕೊಳೆರೋಗವು ಅಡಕೆಯನ್ನು ಉದುರಿಸಿದ ವರ್ಷ ತೆಂಗೋ ಕರಿಮೆಣಸೋ ಮನೆಯನ್ನು ಕಾಯಬೇಕು. ಈ ತತ್ತ್ವವು ಉಳಿತಾಯದ ಹಣಕ್ಕೂ ಅನ್ವಯಿಸುವುದೇ ಎಂಬುದನ್ನು ವಿಚಾರಿಸೋಣ.

ಸುರತ್ಕಲ್ಲಿನ ಬಳಿ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರವಿದೆ. 1988ರಲ್ಲಿ ಸ್ಥಾಪಿತವಾದ ಈ ಕಂಪನಿಯ ಷೇರನ್ನು ಕೊಂಡವನು ಅದರ ಅಲ್ಪಭಾಗಕ್ಕೆ ಒಡೆಯನಾಗುತ್ತಾನೆ. ಕಂಪನಿಯ ಲಾಭವು ಮುಖ್ಯವಾಗಿ ಕಚ್ಚಾತೈಲದ ಬೆಲೆಗೂ ಪೆಟ್ರೋಲ್, ಡೀಸೆಲ್‌ಗಳ ಬೆಲೆಗೂ ನಡುವಣ ಅಂತರವನ್ನು ಅವಲಂಬಿಸಿದೆ. ಆ ಅಂತರವಾದರೋ ಕಂಪನಿಯ ಕೈಯಲ್ಲಿಲ್ಲ. ಕೊರೋನಾ ವ್ಯಾಧಿಯಿಂದ ಇಂಧನದ ಬೇಡಿಕೆ ಕುಸಿದ 2020–21ರ ಸಾಲಿನಲ್ಲಿ ಕಂಪನಿಯು ನಷ್ಟ ಅನುಭವಿಸಿತು. 2022ರ ಜುಲೈ 1ರಂದು ಕೇಂದ್ರ ಸರಕಾರವು ಇಂಧನದ ರಫ್ತಿನ ಮೇಲೆ ವಿಶೇಷ ತೆರಿಗೆ ಹೇರಿತು. 2024ರ ಡಿಸೆಂಬರಿನಲ್ಲಿ ಅದನ್ನು ತೆಗೆದುಹಾಕಿತು.

ಇನ್ನೊಂದು ಮಾರ್ಗವೆಂದರೆ ಸೂಚ್ಯಂಕ ನಿಧಿ. ಅನೇಕರ ಹಣವನ್ನು ಕೂಡಿಸಿ, ಒಂದು ಗೊತ್ತಾದ ಪಟ್ಟಿಯಲ್ಲಿರುವ ಷೇರುಗಳನ್ನೆಲ್ಲ ಪ್ರಮಾಣಾನುಸಾರ ಕೊಳ್ಳುವ ನಿಧಿಯಿದು. ಅಮೆರಿಕದ ಜಾನ್ ಬೋಗಲ್ 1976ರಲ್ಲಿ ಇಂಥದೊಂದನ್ನು ಜನಸಾಮಾನ್ಯರಿಗೆ ತೆರೆದರು. ‘ಎಂ.ಎಸ್.ಸಿ.ಐ. ವರ್ಲ್ಡ್’ ಎಂಬ ಅಂತರರಾಷ್ಟ್ರೀಯ ಸೂಚ್ಯಂಕದಲ್ಲಿ ಮುಂದುವರಿದ 23 ದೇಶಗಳ ಸಾವಿರಕ್ಕೂ ಮೀರಿದ ಕಂಪನಿಗಳಿವೆ.

ಹಂಚಿಕೆಯಿಂದ ಆಗುವ ಪ್ರಯೋಜನವನ್ನು ಗಣಿತವು ತೋರಿಸುತ್ತದೆ. ಪ್ರತಿಯೊಂದು ಷೇರಿನ ಏರಿಳಿತವು ಶೇಕಡ 30 ಎಂದೂ ಒಂದರ ಏರಿಳಿತಕ್ಕೆ ಮತ್ತೊಂದರ ಸಂಬಂಧವಿಲ್ಲವೆಂದೂ ಭಾವಿಸೋಣ. ಹಣವನ್ನು 100 ಷೇರುಗಳಲ್ಲಿ ಸಮನಾಗಿ ಹಂಚಿದರೆ, ಒಟ್ಟು ಏರಿಳಿತವು 30ನ್ನು 100ರ ವರ್ಗಮೂಲದಿಂದ ಭಾಗಿಸಿದಷ್ಟು, ಎಂದರೆ ಶೇಕಡ 3 ಮಾತ್ರ.

ಆದರೆ ಷೇರುಗಳು ಹೀಗೆ ಪೂರ್ಣ ಸ್ವತಂತ್ರವಲ್ಲ. ತೋಟದ ಬೆಳೆಗಳು ಬೇರೆಬೇರೆಯಾದರೂ ಬರಗಾಲವು ಎಲ್ಲವನ್ನೂ ಬಾಡಿಸುವಂತೆ, 2008ರ ಆರ್ಥಿಕ ಸಂಕಟದಲ್ಲಿ ಆ ಸೂಚ್ಯಂಕವೂ ಡಾಲರಿನ ಲೆಕ್ಕದಲ್ಲಿ ಸುಮಾರು ಶೇಕಡ 40ರಷ್ಟು ಕುಸಿಯಿತು. ರೂಪಾಯಿ–ಡಾಲರು ವಿನಿಮಯದ ಏರುಪೇರೂ ಇದರೊಡನೆ ಸೇರುತ್ತದೆ. ಹಂಚಿಕೆಯು ಒಂದು ಕಂಪನಿಗೇ ವಿಶಿಷ್ಟವಾದ ಅಪಾಯವನ್ನು ಕರಗಿಸಬಲ್ಲುದು. ಎಲ್ಲಕ್ಕೂ ಸಮಾನವಾದ ಅಪಾಯವನ್ನಲ್ಲ. ಒಂದೇ ಷೇರು ಹಲವು ಮಡಿಯಾಗುವ ಭಾಗ್ಯವನ್ನೂ ಅದು ಬಿಟ್ಟುಕೊಡಬೇಕಾಗುತ್ತದೆ.

ಕಾರ್ಖಾನೆಯು ಸಮೀಪದಲ್ಲಿದೆ, ಅದು ಪರಿಚಿತ ಎಂಬ ಕಾರಣದಿಂದ ಷೇರು ಸುರಕ್ಷಿತವಾಗದು. ಅಲ್ಲಿನ ಸಂಬಳವನ್ನೇ ಆಧರಿಸಿದ ಕುಟುಂಬವು ಉಳಿತಾಯವನ್ನೂ ಅದರ ಷೇರಿನಲ್ಲೇ ತೊಡಗಿಸಿದರೆ, ಒಂದೇ ಪೆಟ್ಟಿಗೆ ಅನ್ನವೂ ಆಪದ್ಧನವೂ ಒಟ್ಟಿಗೆ ಅಲುಗಾಡುವುವು. ಅಂಥ ಕುಟುಂಬಕ್ಕೆ ಹಂಚಿಕೆಯ ಅಗತ್ಯವು ಇತರರಿಗಿಂತ ಹೆಚ್ಚು.