ಸೆರೆಯೊಳಗಿನ ಸೆರೆ

ಸೆರೆಮನೆಯಲ್ಲಿ ಇತರ ಕೈದಿಗಳ ನಡುವೆ ಬದುಕುವುದು ಕಠಿಣವೋ, ಎಲ್ಲರಿಂದ ಬೇರ್ಪಟ್ಟು ಒಂಟಿ ಕೋಣೆಯಲ್ಲಿರುವುದು ಕಠಿಣವೋ? ದಾಸರಹಳ್ಳಿಯ ನಮಗೆ ಇದು ದೂರದ ಪ್ರಶ್ನೆಯಲ್ಲ. 1998ರ ಫೆಬ್ರವರಿಯಲ್ಲಿ ಪಕ್ಕದ ಪೀಣ್ಯದಲ್ಲಿ ಒಬ್ಬ ಮಹಿಳೆಯ ಮೇಲೆ ಅತ್ಯಾಚಾರವೆಸಗಿ ಕೊಂದ ಬಿ. ಎ. ಉಮೇಶ್, ಅಂದರೆ ಜನರು ಬಲ್ಲ ಉಮೇಶ್ ರೆಡ್ಡಿ, ಈ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯದವರೆಗೂ ಒಯ್ದನು.

2006ರಲ್ಲಿ ಅವನಿಗೆ ಮರಣದಂಡನೆಯಾಯಿತು. ಅಂದಿನಿಂದ 2016ರವರೆಗೆ ಬೆಳಗಾವಿಯ ಸೆರೆಮನೆಯಲ್ಲಿ ಅವನನ್ನು ಒಂಟಿಯಾಗಿ ಇರಿಸಲಾಗಿತ್ತು. ಮೇಲ್ಮನವಿಗಳೂ ಕ್ಷಮಾದಾನದ ಅರ್ಜಿಯೂ ಇತ್ಯರ್ಥವಾಗುವವರೆಗೆ ಮರಣದಂಡನೆಗೆ ಗುರಿಯಾದವನನ್ನು ಹೀಗೆ ಬೇರ್ಪಡಿಸಕೂಡದೆಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲಿಯೇ ತೀರ್ಪಾಗಿತ್ತು. ಉಮೇಶನ ಅರ್ಜಿಯನ್ನು ರಾಷ್ಟ್ರಪತಿಗಳು ತಿರಸ್ಕರಿಸಿದ್ದು 2013ರಲ್ಲಿ. 2022ರ ನವೆಂಬರ್ 4ರಂದು ಮುಖ್ಯ ನ್ಯಾಯಮೂರ್ತಿ ಯು. ಯು. ಲಲಿತ್ ಅವರ ಪೀಠವು ಈ ಏಕಾಂತವಾಸವನ್ನು ಕಾನೂನುಬಾಹಿರವೆಂದಿತು. ಅದು ಅವನ ಆರೋಗ್ಯವನ್ನು ಕೆಡಿಸಿತೆಂದು ಗುರುತಿಸಿ, ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಜೀವಾವಧಿ ಸೆರೆವಾಸಕ್ಕೆ ಇಳಿಸಿತು.

ಕೊಂದವನಿಗಾಗಿ ಮರುಗುವುದೇಕೆ ಎಂದು ಓದುಗರು ಕೇಳಬಹುದು. ಆ ಮಹಿಳೆಯ ಮನೆಯವರ ದುಃಖವನ್ನು ಯಾವ ತೀರ್ಪೂ ತುಂಬಲಾರದು; ಅದನ್ನು ಬದಿಗಿಟ್ಟು ನಾವು ಮಾತನಾಡುತ್ತಿಲ್ಲ. ಆದರೆ ನ್ಯಾಯಾಲಯ ವಿಧಿಸಿದ್ದು ಮರಣದಂಡನೆಯನ್ನು, ಹತ್ತು ವರ್ಷಗಳ ಏಕಾಂತವನ್ನಲ್ಲ. 1860ರ ದಂಡಸಂಹಿತೆಯೇ ಏಕಾಂತವನ್ನು ಪ್ರತ್ಯೇಕ ಶಿಕ್ಷೆಯೆಂದು ಬಗೆದು, ಒಮ್ಮೆಗೆ 14 ದಿನ, ಒಟ್ಟಾರೆ ಮೂರು ತಿಂಗಳು ಮೀರಕೂಡದೆಂದು ಮಿತಿ ಹಾಕಿತ್ತು. 2024ರಲ್ಲಿ ಜಾರಿಗೆ ಬಂದ ನ್ಯಾಯಸಂಹಿತೆಯೂ ಆ ಮಿತಿಯನ್ನು ಉಳಿಸಿಕೊಂಡಿದೆ.

ಗುಂಪಿನ ಬಾಳು ಸುಖದ್ದೆಂದಲ್ಲ. ಕಿಕ್ಕಿರಿದ ಬ್ಯಾರಕ್, ಬಲಿಷ್ಠರ ದಬ್ಬಾಳಿಕೆ, ಮರೆಯಿಲ್ಲದ ಹಗಲಿರುಳು. ಹೊಡೆತಕ್ಕೆ ಅಂಜಿ ಬೇರೆ ಕೋಣೆಯನ್ನು ತಾನೇ ಬೇಡುವ ಕೈದಿಯೂ ಇರುತ್ತಾನೆ. ಅವನಿಗೆ ಆ ಗೋಡೆಯೇ ಆಸರೆ. ಆದರೂ ಜಗಳವಾಡಲಾದರೂ ಎದುರಿಗೊಬ್ಬ ಮನುಷ್ಯನಿರುವುದು ಸಣ್ಣ ಸಂಗತಿಯಲ್ಲ. ಮಾನವನು ಸ್ವಭಾವತಃ ಸಂಘಜೀವಿ ಎಂದು ಅರಿಸ್ಟಾಟಲನನ್ನು ಅನುಸರಿಸಿ ಸಂತ ತೋಮಸ್ ಅಕ್ವಿನಾಸರು ಬೋಧಿಸಿದ್ದನ್ನು ನಾವು ಗುರುಮಠದಲ್ಲಿ ಓದಿದ್ದೆವು. ಮಠವಾಸಿಗಳ ಮೌನವೂ ಏಕಾಂತವೇ ಅಲ್ಲವೇ ಎನ್ನುವವರುಂಟು. ಅದು ತಾವೇ ಆರಿಸಿಕೊಂಡದ್ದು. ಅಲ್ಲಿ ಪ್ರಾರ್ಥನೆಯ ಗಂಟೆ ಎಲ್ಲರನ್ನೂ ಒಟ್ಟಿಗೆ ಕರೆಯುತ್ತದೆ.

ವಿಯೆಟ್ನಾಮಿನ ಕಾರ್ಡಿನಲ್ ವಾನ್ ಥುವಾನ್ 13 ವರ್ಷ ಸೆರೆಯಲ್ಲಿದ್ದು, ಅದರಲ್ಲಿ ಒಂಬತ್ತು ವರ್ಷ ಒಂಟಿಯಾಗಿದ್ದರು. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸವಿಟ್ಟು ಬಲಿಪೂಜೆ ಅರ್ಪಿಸಿದ ಆ ಧೀರರೂ ಮಾತಿಗಾಗಿ ಕಾವಲುಗಾರರ ಸ್ನೇಹವನ್ನೇ ಅರಸಿದರು. 2014ರಲ್ಲಿ ಪೋಪ್ ಫ್ರಾನ್ಸಿಸ್ ಬಿಗಿಬಂದೋಬಸ್ತಿನ ಸೆರೆಮನೆಗಳ ಏಕಾಂತವಾಸವನ್ನು ಚಿತ್ರಹಿಂಸೆಯೆಂದೇ ಖಂಡಿಸಿದರು. ಮರುವರ್ಷ ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳು 15 ದಿನ ಮೀರಿದ ಏಕಾಂತವನ್ನು ನಿಷೇಧಿಸಿದವು.

2025ರ ನವೆಂಬರಿನಲ್ಲಿ ಉಮೇಶನು ಪರಪ್ಪನ ಅಗ್ರಹಾರದಲ್ಲಿ ಮೊಬೈಲ್ ಹಿಡಿದಿದ್ದ ದೃಶ್ಯಗಳು ಟಿ.ವಿ.ಯಲ್ಲಿ ಪ್ರಸಾರವಾದವು. ಅದನ್ನು ಕಸಿದುಕೊಳ್ಳಬೇಕು, ಒದಗಿಸಿದವರಾರೆಂದು ಕೇಳಲೂಬೇಕು. ಅವನನ್ನು ಮತ್ತೆ ಒಂಟಿ ಕೋಣೆಗೆ ದೂಡಲಿ ಎಂದು ಭಾನುವಾರದ ಬಲಿಪೂಜೆಯ ನಂತರ ವಾದಿಸಿದ ಹಿರಿಯರೊಬ್ಬರಿಗೆ ನಾವು ಆ 14 ದಿನಗಳ ಲೆಕ್ಕವನ್ನೇ ಹೇಳಿದೆವು.