ಹಳ್ಳ ತುಂಬಿದ ಮೇಲೆ

ಹನಿಗೂಡಿದರೆ ಹಳ್ಳವೆಂಬುದು ಹಿರಿಯರ ಅನುಭವದ ಮಾತು. ಊರಿನ ತೇರು, ಬೀದಿಯ ಗಣೇಶೋತ್ಸವ, ಶಾಲೆಯ ಕಟ್ಟಡ ಎಲ್ಲವೂ ಮನೆಮನೆಯ ವಂತಿಗೆಯಿಂದಲೇ ನಡೆದು ಬಂದಿವೆ. ಅದೇ ವಂತಿಗೆಯ ಪಟ್ಟಿಯು ಇಂದು ಅಂತರಜಾಲವನ್ನೇರಿ ‘ಕ್ರೌಡ್‌ಫಂಡಿಂಗ್’ ಎಂಬ ಹೆಸರು ಪಡೆದಿದೆ. ಪವನ್ ಕುಮಾರ್ ಅವರ ‘ಲೂಸಿಯಾ’ ಚಿತ್ರವು ಹೀಗೆ ಜನರಿಂದ ಕೂಡಿದ ಹಣದಲ್ಲಿ ತಯಾರಾಗಿ 2013ರಲ್ಲಿ ತೆರೆ ಕಂಡುದನ್ನು ಕನ್ನಡಿಗರು ಬಲ್ಲರು. ಹಳ್ಳವನ್ನು ತುಂಬಿಸುವ ಬಗೆಯನ್ನು ಎಲ್ಲರೂ ಚಿಂತಿಸುತ್ತಾರೆ. ತುಂಬಿ ಹರಿದರೆ ಮಾಡುವುದೇನೆಂದು ಚಿಂತಿಸುವವರು ವಿರಳ.

ಅಮೆರಿಕದಲ್ಲಿ 2009ರಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್ ಸಂಸ್ಥೆಯ ನಿಯಮ ಕಟ್ಟುನಿಟ್ಟಾದುದು. ಗೊತ್ತುಪಡಿಸಿದ ದಿನದೊಳಗೆ ಗುರಿ ಮುಟ್ಟದಿದ್ದರೆ ಒಂದು ಕಾಸೂ ಕೈಸೇರದು. ಆದುದರಿಂದ ಗುರಿಯನ್ನು ತಗ್ಗಿಸಿ ಇಡುವ ಆಸೆ ಸಹಜ. ಅದು ಬೇಗನೆ ಕೈಗೂಡಿ ದಿನಗಳು ಮಿಕ್ಕರೆ ಹುಟ್ಟುವುದೇ ಹೆಚ್ಚುವರಿ ಗುರಿ: ‘ಇನ್ನಿಷ್ಟು ಹಣ ಬಂದರೆ ಇನ್ನೊಂದನ್ನು ಸೇರಿಸಿ ಕೊಡುತ್ತೇವೆ’ ಎಂಬ ವಾಗ್ದಾನ.

ಲೆಕ್ಕ ಹಾಕಿ ನೋಡೋಣ. ತಲಾ 500 ರೂಪಾಯಿಯಂತೆ 1,000 ಮಂದಿ ಕೊಟ್ಟು 5 ಲಕ್ಷದ ಗುರಿ ಮುಟ್ಟಿತೆನ್ನಿ. ಇನ್ನೂ 1 ಲಕ್ಷ ಬಂದರೆ ಪ್ರತಿಯೊಬ್ಬರಿಗೂ 60 ರೂಪಾಯಿಯ ಉಡುಗೊರೆಯೆಂದು ಸಾರಿದರೆ, ಅದು ಹೊಸದಾಗಿ ಬಂದ 200 ಮಂದಿಗಷ್ಟೇ ಅಲ್ಲ, 1,200 ಮಂದಿಗೂ ಸಲ್ಲಬೇಕು. ಅಲ್ಲಿಗೆ 72,000 ರೂಪಾಯಿ ಕರಗಿತು. ಉಳಿದ 28,000ದಲ್ಲಿ ಹೊಸಬರ ಮೂಲ ವಸ್ತು, ಅಂಚೆ ವೆಚ್ಚ, ಸಂಸ್ಥೆಯ ಶುಲ್ಕ ಎಲ್ಲವೂ ನಡೆಯಬೇಕು. ಮದುವೆಯ ಮನೆಯಲ್ಲಿ ನೆಂಟರು ಹೆಚ್ಚಿದರೆಂದು ಹೊಸ ಸಿಹಿಯೊಂದನ್ನು ಸೇರಿಸಿದರೆ ಎಲ್ಲ ಎಲೆಗೂ ಬಡಿಸಬೇಕಷ್ಟೆ!

2012ರ ಫೆಬ್ರವರಿಯಲ್ಲಿ ಟಿಮ್ ಶೇಫರ್ ಅವರ ಡಬಲ್ ಫೈನ್ ಸಂಸ್ಥೆಯು ಒಂದು ಕಂಪ್ಯೂಟರ್ ಆಟಕ್ಕೂ ಅದರ ತಯಾರಿಕೆಯ ಸಾಕ್ಷ್ಯಚಿತ್ರಕ್ಕೂ ಸೇರಿಸಿ 4 ಲಕ್ಷ ಡಾಲರ್ ಕೇಳಿತು. ಒಂದೇ ದಿನದಲ್ಲಿ ಗುರಿ ದಾಟಿತು. ಕೊನೆಗೆ 87,000ಕ್ಕೂ ಹೆಚ್ಚು ಜನರಿಂದ ಕೂಡಿದ್ದು 33 ಲಕ್ಷ ಡಾಲರ್. ಪಾತ್ರಗಳಿಗೆ ನಟರ ಧ್ವನಿ, ಹಲವು ಭಾಷೆಗಳ ಅನುವಾದ, ಬಗೆಬಗೆಯ ಯಂತ್ರಗಳಿಗೆ ಹೊಂದುವ ಆವೃತ್ತಿಗಳು ಪಟ್ಟಿಗೆ ಸೇರಿದವು. ಆಟದ ಕಲ್ಪನೆಯೂ ಹಿಗ್ಗಿತು. ಹಾಸಿಗೆ ಇದ್ದಷ್ಟು ಕಾಲು ಚಾಚೆನ್ನುತ್ತೇವೆ. ಇಲ್ಲಿ ಹಾಸಿಗೆ ಬೆಳೆದಂತೆ ಕಾಲು ಅದಕ್ಕಿಂತಲೂ ಬೆಳೆಯಿತು. 2012ರ ಅಕ್ಟೋಬರಿನಲ್ಲಿ ಬರಬೇಕಾಗಿದ್ದ ‘ಬ್ರೋಕನ್ ಏಜ್’ ಆಟವನ್ನು ಹಣ ಸಾಲದೆ ಎರಡು ಭಾಗ ಮಾಡಬೇಕಾಯಿತು. ಮೊದಲನೆಯದು 2014ರ ಜನವರಿಯಲ್ಲಿ ಬಂದಿತು. ಅದರ ಮಾರಾಟದ ನೆರವಿನಿಂದ ಎರಡನೆಯದು 2015ರ ಏಪ್ರಿಲಿನಲ್ಲಿ ಮುಗಿಯಿತು. ಕೊಟ್ಟ ಮಾತೇನೋ ಉಳಿಯಿತು. ಆದರೆ ಹಣ ಕೊಟ್ಟವರು ಪೂರ್ಣ ಆಟಕ್ಕಾಗಿ ಮೂರು ವರ್ಷ ಕಾದರು.

2015ರಲ್ಲಿ ‘ಎಕ್ಸ್‌ಪ್ಲೋಡಿಂಗ್ ಕಿಟನ್ಸ್’ ಎಂಬ ಕಾರ್ಡುಗಳ ಆಟದವರು ಬೇರೆ ದಾರಿ ಹಿಡಿದರು. ಅವರು ಕೇಳಿದ್ದು 10,000 ಡಾಲರ್; ಬಂದದ್ದು 87 ಲಕ್ಷಕ್ಕೂ ಮಿಕ್ಕಿ. ಹೆಚ್ಚುವರಿ ಗುರಿಗಳನ್ನು ಅವರು ಡಾಲರಿನಲ್ಲಿ ಅಳೆಯಲಿಲ್ಲ. ಬ್ಯಾಟ್‌ಮನ್ ವೇಷದ ಹತ್ತು ಮಂದಿ ಬಿಸಿನೀರಿನ ತೊಟ್ಟಿಯಲ್ಲಿ ಕುಳಿತ ಚಿತ್ರವನ್ನು ಕಳುಹಿಸಿರೆಂಬಂಥ ವಿನೋದದ ಸವಾಲುಗಳನ್ನೊಡ್ಡಿದರು. ಗೆದ್ದರೆ ಸಿಕ್ಕುತ್ತಿದ್ದುದು ಆಟಕ್ಕೇ ಸೇರಿದ ಸಣ್ಣಪುಟ್ಟ ಹೆಚ್ಚಳ. ಉತ್ಸಾಹವೂ ಬಾಡಲಿಲ್ಲ, ಹೊರೆಯೂ ಮಿತಿಮೀರಲಿಲ್ಲ.

ನಮ್ಮ ಬಡಾವಣೆಯ ವಾಚನಾಲಯಕ್ಕೆ ವಂತಿಗೆ ಎತ್ತುವವರಿಗೂ ಈ ವಿವೇಕ ಸಲ್ಲುತ್ತದೆ. ಎರಡನೆಯ ಗುರಿಯನ್ನು ಮೊದಲನೆಯದನ್ನು ಬರೆದ ದಿನವೇ, ಖರ್ಚಿನ ಲೆಕ್ಕದೊಡನೆ ಬರೆದಿಡುವುದು ಲೇಸು. ಅದು ಅದೇ ಕೆಲಸದ ಮುಂದುವರಿಕೆಯಾಗಿರಲಿ: ಹೆಚ್ಚು ಹಣ ಬಂದರೆ ಹೆಚ್ಚು ಪುಸ್ತಕ, ಗಟ್ಟಿಯಾದ ಕಪಾಟು, ಸಭಾಭವನವಲ್ಲ. ಹತ್ತು ರೂಪಾಯಿ ಕೊಟ್ಟವರೂ ಕೇಳುವುದು ಪುಸ್ತಕವೆಲ್ಲಿ ಎಂದೇ. ಬೇಕಾದುದೆಲ್ಲ ಕೂಡಿದ ಮೇಲೆ ‘ಇನ್ನು ಸಾಕು’ ಎಂದು ಪಟ್ಟಿಯನ್ನು ಮಡಿಸಿಟ್ಟವರಿಗೆ ಮುಂದಿನ ಸಲ ಬಾಗಿಲುಗಳು ತಾವಾಗಿ ತೆರೆಯುತ್ತವೆ.